ಬಚ್ಚಲ ಗೂಟದ ತಟ್ಟೆ

ಸೊಸೆಗೆ ರೊಟ್ಟಿ ಬಡಿಯಲು ಬರುವುದಿಲ್ಲ ಎಂಬುದು ರುದ್ರಮ್ಮನ ಏಳು ವರ್ಷದ ದೂರು. ನೆಲಮಂಗಲದ ಕಡೆಯ ಹುಡುಗಿ, ಮುದ್ದೆ ಉಂಡು ಬೆಳೆದವಳು, ಜೋಳದ ಹಿಟ್ಟು ಅವಳ ಕೈಗೆ ಹೇಗೆ ಒಗ್ಗಬೇಕು ಎಂದು ಬಂದವರೆದುರೆಲ್ಲ ಹೇಳಿ ಹೇಳಿ ಆ ದೂರು ಸವೆದುಹೋಗಿತ್ತು. ಆದರೆ ತೊಂಬತ್ತನಾಲ್ಕರ ಯುಗಾದಿ ಕಳೆದ ಮೇಲೆ ಯಮುನಾ ಕಲಿತಿದ್ದ ಅಷ್ಟಿಷ್ಟನ್ನೂ ಕೈಬಿಟ್ಟಳು. ಹಿಟ್ಟು ನಾದಲು ಕೂತರೆ ಬೆರಳು ಮಡಚಲಾಗದೆ ಪರಾತದ ಮುಂದೆ ಸುಮ್ಮನೆ ಕೂತಿರುವಳು.

“ಬೆಳಿಗ್ಗೆ ಎದ್ರೆ ಗೆಣ್ಣು ಗೆಣ್ಣೂ ಹಿಡ್ಕೊಂಡಿರುತ್ತೆ ಅತ್ತೆ. ಹತ್ತು ಗಂಟೆ ಮೇಲೆ ಸ್ವಲ್ಪ ಸಡಿಲ ಆಗುತ್ತೆ.”

“ಹತ್ತು ಗಂಟೆಗೆ ನಿನ್ನ ಗಂಡ ಫ್ಯಾಕ್ಟರಿಯಾಗ ಇರ್ತಾನ. ಆಗ ರೊಟ್ಟಿ ಯಾರಿಗೆ ಬಡೀತೀ, ಗ್ವಾಡಿಗೇನು?”

ಮನೆ ಎಂದರೆ ರಾಜಗೋಪಾಲನಗರದಲ್ಲಿ ಶ್ಯಾಮಣ್ಣನ ವಠಾರದ ಎರಡು ಕೋಣೆ, ಒಂದು ಅಡಿಗೆಮನೆ, ಹಿಂದೊಂದು ಬಚ್ಚಲು. ರುದ್ರಮ್ಮನ ಗಂಡ ಗದಿಗೆಪ್ಪ ರಾಣೆಬೆನ್ನೂರಿನಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವನು. ಬೆಳಿಗ್ಗೆ ಲಿಂಗಪೂಜೆ, ಮಧ್ಯಾಹ್ನ ಪೇಪರು, ಸಂಜೆ ಬಸ್ ನಿಲ್ದಾಣದವರೆಗೆ ಒಂದು ಸುತ್ತು. ಒಬ್ಬನೇ ಮಗ ಈರೇಶ ಪೀಣ್ಯದ ಒಂದು ಲೇತ್ ವರ್ಕ್‌ಶಾಪಿನಲ್ಲಿ ಸೂಪರ್‌ವೈಸರ್. ಅವನಿಗೂ ಯಮುನಾಗೂ ಐದು ವರ್ಷದ ಮಗಳು ರಕ್ಷಿತಾ. ಆಮೇಲೆ ಎರಡು ಸಲ ಬಸುರು ನಿಂತು, ಎರಡು ಸಲವೂ ಮೂರನೇ ತಿಂಗಳಿಗೆ ಹೋಯಿತು. ಇದು ರುದ್ರಮ್ಮನ ಎರಡನೆಯ ದೂರು. ಇದನ್ನು ಅವಳು ಬಂದವರೆದುರು ಹೇಳುತ್ತಿರಲಿಲ್ಲ. ಸೊಸೆಗೆ ಕೇಳುವ ಹಾಗೆ ದೇವರ ಮುಂದೆ ಹೇಳುತ್ತಿದ್ದಳು.

ಬೇಸಿಗೆ ಏರುತ್ತಿದ್ದಂತೆ ಯಮುನಾಳ ಕೆನ್ನೆ ಎರಡೂ ಕಡೆ ಕೆಂಪಗೆ ಹತ್ತಿಕೊಂಡಿತು. ಹಲ್ಲುಜ್ಜಿದರೆ ಉಗುಳಿದ ನೊರೆಯಲ್ಲಿ ರಕ್ತ. ಬಕೆಟ್ಟಿನ ಹಿಡಿ ತಾಗಿದ ಕಡೆ, ಬಾಗಿಲಿಗೆ ಒರಗಿದ ಕಡೆ, ಎಲ್ಲೆಂದರಲ್ಲಿ ನೇರಳೆಹಣ್ಣು ಮೆತ್ತಿದ ಹಾಗೆ ಕಲೆ. ಒಂದು ದಿನ ನಲ್ಲಿಯ ಹತ್ತಿರ ಓನರ್ ಶ್ಯಾಮಣ್ಣನ ಹೆಂಡತಿ ಮರಿಯಮ್ಮ ಆ ಕಲೆಗಳನ್ನು ನೋಡಿದಳು. ಹಿಂದೆ ಇದೇ ಜಾಗದಲ್ಲಿ ರಾಗಿ ಬೆಳೆದ ಹೆಂಗಸು, ಬಾಯಿಗೆ ಬೀಗವಿಲ್ಲ.

“ರುದ್ರಮ್ಮಾರೇ, ನಿಮ್ ಮಗ ಏನಾದ್ರೂ ಕೈ ಮಾಡ್ತಾನಾ? ಎಣ್ಮಗಳು ಇಂಗಾಗವ್ಳೆ.”

“ನಮ್ಮ ಮನ್ಯಾಗ ಅಂಥಾದ್ದೆಲ್ಲ ಇಲ್ಲ ನೋಡ್ರಿ. ನನ್ನ ಮಗ ಬಂಗಾರದಂಥಾವ.”

“ಅಂಗಾದ್ರೆ ಆಸ್ಪತ್ರೆಗೆ ತೋರ್ಸಿ. ಬಂಗಾರನೇ ಕರ್ಕೊಂಡೋಗ್ಲಿ.”

ಬಂಗಾರಕ್ಕೆ ರಜೆ ಸಿಗಲಿಲ್ಲ. ರುದ್ರಮ್ಮನೇ ಸೊಸೆಯನ್ನು ಹತ್ತಿರದ ನರ್ಸಿಂಗ್ ಹೋಮಿಗೆ ಕರೆದುಕೊಂಡು ಹೋದಳು. ಅಲ್ಲಿನ ಡಾಕ್ಟರು ಕಣ್ಣಿನ ರೆಪ್ಪೆ ಎಳೆದು ನೋಡಿ, ಎರಡು ಗರ್ಭ ಹೋಗಿರುವುದನ್ನು ಕೇಳಿ, ಉದ್ದಕ್ಕೆ ಒಂದು ಪಟ್ಟಿ ರಕ್ತಪರೀಕ್ಷೆ ಬರೆದುಕೊಟ್ಟರು. ಪರೀಕ್ಷೆಗೆ ಬೇರೆ ಕಡೆ ಹೋಗುವ ಮಾತೇ ಇಲ್ಲ. ಮುಖ್ಯರಸ್ತೆಯಲ್ಲಿ ಲ್ಯಾಬ್ ಇಟ್ಟಿದ್ದ ಪಂಚಾಕ್ಷರಿ ರಾಣೆಬೆನ್ನೂರಿನವನು, ಮಠದ ಕಡೆಯಿಂದ ಪರಿಚಯ, ಗದಿಗೆಪ್ಪನನ್ನು ಕಂಡರೆ ಕಾಲು ಮುಟ್ಟಿ ನಮಸ್ಕಾರ ಮಾಡುವವನು.

ಈ ಭಕ್ತಿಯೇ ಮನೆ ಹಾಳುಮಾಡಿತು. ಬೇರೆಯವನಾಗಿದ್ದರೆ ರಿಪೋರ್ಟನ್ನು ಕವರಿನಲ್ಲಿ ಹಾಕಿ ಡಾಕ್ಟರಿಗೆ ಕೊಡಿ ಎನ್ನುತ್ತಿದ್ದ. ಪಂಚಾಕ್ಷರಿ ಹಿರಿಯರಿಗೆ ಮೊದಲು ತಿಳಿಯಲಿ ಎಂದು ಸಂಜೆ ತಾನೇ ಬಂದು, ಗದಿಗೆಪ್ಪನನ್ನು ವಠಾರದ ನುಗ್ಗೆ ಮರದ ಕೆಳಗೆ ಕರೆದ. ರುದ್ರಮ್ಮ ಬಾಗಿಲಿಗೆ ಬಂದು ನಿಂತಳು.

“ಹೆಂಗ ಹೇಳಬೇಕೋ ತಿಳೀವಲ್ದು ಯಜಮಾನ್ರ. ಕೆಳಗಿನ ಸಾಲು ನೋಡ್ರಿ. ಇದು ಗುಪ್ತರೋಗದ ಪರೀಕ್ಷೆ. ಐತಿ ಅಂತ ಬಂದೈತಿ.”

“ಯಾರಿಗೆ?”

“ನಿಮ್ಮ ಸೊಸೀಗೆ. ನಾನು ಎರಡು ಸಲ ಮಾಡಿ ನೋಡೀನ್ರಿ. ಈರೇಶಂದೂ ಒಮ್ಮೆ ನೋಡಿದ್ರ ಛಲೋ.”

ಗದಿಗೆಪ್ಪ ಹಣೆಯ ವಿಭೂತಿ ಒರೆಸಿಕೊಂಡ. ಆ ಕಾಗದದಲ್ಲಿ ಹದಿನಾಲ್ಕು ಸಾಲು ಇದ್ದವು. ಹಿಮೋಗ್ಲೋಬಿನ್ ಏಳು ಎಂದು ಒಂದು ಸಾಲು, ಪ್ಲೇಟ್‌ಲೆಟ್ ಕಡಿಮೆ ಎಂದು ಒಂದು ಸಾಲು, ಬಿಳಿ ರಕ್ತಕಣ ಕಡಿಮೆ ಎಂದು ಇನ್ನೊಂದು. ಹದಿಮೂರನ್ನು ಯಾರೂ ಓದಲಿಲ್ಲ. ಹೊಲಸು ಇರುವ ಜಾಗಕ್ಕೆ ಕಣ್ಣು ಹೋಗುವಷ್ಟು ಬೇಗ ಬೇರೆಲ್ಲಿಗೂ ಹೋಗುವುದಿಲ್ಲ.

ಈರೇಶ ಕೆಲಸದಿಂದ ಬಂದು ಕೈಕಾಲು ತೊಳೆಯುವಷ್ಟರಲ್ಲಿ ವಿಚಾರಣೆ ಶುರುವಾಯಿತು. ರಕ್ಷಿತಾಳನ್ನು ಮರಿಯಮ್ಮನ ಮನೆಗೆ ಟಿವಿ ನೋಡಲು ಅಟ್ಟಿದ್ದರು. ಗದಿಗೆಪ್ಪ ಕಾಗದ ಓದಿದ. ಮಗನ ಮುಖ ಗೋಡೆಯ ಸುಣ್ಣದಂತಾಯಿತು. ಹೆಂಡತಿಯ ಮೋಸ ತಿಳಿದ ಗಂಡನ ಮುಖ ಹಾಗಾಗುವುದು ಸಹಜ ಎಂದುಕೊಂಡಳು ರುದ್ರಮ್ಮ.

“ನೀನೂ ಪರೀಕ್ಷೆ ಮಾಡಿಸ್ಕೋ ಅಂದಾನ ಪಂಚಾಕ್ಷರಿ” ಎಂದ ಗದಿಗೆಪ್ಪ.

“ನಂದು ಫ್ಯಾಕ್ಟರೀಲಿ ಹೋದ ತಿಂಗಳು ಎಲ್ಲಾ ಚೆಕ್ ಮಾಡಿದಾರಪ್ಪ. ಏನೂ ಇಲ್ಲ” ಎಂದ ಈರೇಶ.

ಯಮುನಾ ಅಡಿಗೆಮನೆಯ ಹೊಸ್ತಿಲಲ್ಲಿ ಕೂತಿದ್ದಳು. ನಿಲ್ಲುವ ಶಕ್ತಿ ಆಗಲೇ ಇರಲಿಲ್ಲ. “ನಾನು ಈ ಮನೆ ಬಿಟ್ಟು ಎಲ್ಲಿಗೆ ಹೋಗಿದೀನಿ ಮಾವ? ನಲ್ಲಿ, ಅಂಗಡಿ, ಮಗು ಸ್ಕೂಲು. ನನಗೆ ಈ ರೋಗ ಬಂದಿದ್ರೆ ಎಲ್ಲಿಂದ ಬಂತು ಅಂತ ನಿಮ್ಮ ಮಗನನ್ನೇ ಕೇಳಿ.”

“ನಾಲಿಗಿ ಬಿಗಿಹಿಡಿ” ಎಂದಳು ರುದ್ರಮ್ಮ. “ಅವಂದು ಶುದ್ಧ ಐತಿ ಅಂತ ಹೇಳಲಿಲ್ಲೇನು ಈಗ? ನಿನ್ನ ಹೇಸಿಗಿ ನನ್ನ ಮಗನ ಮೈಗೆ ಹಚ್ಚಬ್ಯಾಡ.”

ಯಮುನಾ ಗಂಡನ ಕಡೆ ನೋಡಿದಳು. ಅವನು ಟವೆಲಿನಲ್ಲಿ ಬೆರಳು ಒರೆಸಿಕೊಳ್ಳುತ್ತಲೇ ಇದ್ದ. ಎಷ್ಟು ಹೊತ್ತು ಒರೆಸಿದರೂ ಅವನ ಬೆರಳು ಒಣಗಲಿಲ್ಲ.

“ನಾಳೆ ಡಾಕ್ಟರ ಹತ್ರ ಈ ಚೀಟಿ ತಗೊಂಡು ಹೋಗೋಣ ಬನ್ನಿ” ಎಂದಳು ಅವನಿಗೆ.

“ಯಾವ ಮುಖ ಹೊತ್ತು ಹೋಗೂದು?” ಎಂದ ಗದಿಗೆಪ್ಪ. ಕಾಗದವನ್ನು ನಾಲ್ಕು ಮಡಿಕೆ ಮಾಡಿ ಗೋಡೆಯ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿದ. ಆಷಾಢ ಬರುತ್ತದೆ, ಸೊಸೆಯಂದಿರು ತವರಿಗೆ ಹೋಗುವ ತಿಂಗಳು, ಯಾರೂ ಕೇಳುವುದಿಲ್ಲ, ಆಗ ಕಳಿಸಿಬಿಡುವುದು, ಮತ್ತೆ ಕರೆತರುವುದು ಬೇಡ, ಮಗು ಇಲ್ಲೇ ಇರಲಿ ಎಂದು ತೀರ್ಪು ಕೊಟ್ಟ.

ಆಮೇಲೆ ಊಟದ ಮಾತು ಬಂತು. ರುದ್ರಮ್ಮನಿಗೆ ಅನುಮಾನ, ಒಂದೇ ತಟ್ಟೆ ಲೋಟದಲ್ಲಿ ಈ ರೋಗ ಹಬ್ಬುತ್ತದೋ ಇಲ್ಲವೋ ಅವಳಿಗೆ ಗೊತ್ತಿರಲಿಲ್ಲ. ಹಿಂದು ಮುಂದು ನೋಡುತ್ತಿದ್ದಾಗ ಮಗನೇ ಹೇಳಿದ.

“ಅವಳ ತಟ್ಟೆ ಬೇರೆ ಇಟ್ಬಿಡವ್ವ. ಮಗು ಇದೆ ಮನೇಲಿ.”

ಯಮುನಾ ತವರಿನಿಂದ ತಂದಿದ್ದ, ಅವಳ ಹೆಸರು ಹೊಡೆಸಿದ್ದ ಸ್ಟೀಲ್ ತಟ್ಟೆ ಅಟ್ಟಕ್ಕೆ ಹೋಯಿತು. ಬಚ್ಚಲಲ್ಲಿ ಸೀಗೆಪುಡಿ ಕಲಸಲು ಇಟ್ಟಿದ್ದ ನೆಗ್ಗಿದ ಅಲ್ಯೂಮಿನಿಯಂ ತಟ್ಟೆ ಕೆಳಗಿಳಿಯಿತು. ಅಡಿಗೆಮನೆಯ ಪಾತ್ರೆಗಳ ಜೊತೆ ಅದು ಸೇರಬಾರದಲ್ಲ. ರುದ್ರಮ್ಮ ಅದರ ಅಂಚಿಗೆ ಮೊಳೆಯಿಂದ ತೂತು ಹೊಡೆದು, ದಾರ ಕಟ್ಟಿ, ಬಚ್ಚಲ ಗೂಟಕ್ಕೆ ನೇತುಹಾಕಿದಳು. ಯಮುನಾ ಉಂಡು, ತಾನೇ ತೊಳೆದು, ಅಲ್ಲೇ ನೇತುಹಾಕಬೇಕು. ಅವಳು ಮಾಡಿದ ಅಡಿಗೆಯನ್ನು ಮಾವ ಮುಟ್ಟುವುದಿಲ್ಲ ಎಂದಾದ ಮೇಲೆ ಒಲೆಯ ಕೆಲಸ ತಪ್ಪಿತು. ಬಟ್ಟೆ, ಮುಸುರೆ, ನೀರು, ನೆಲ ತಪ್ಪಲಿಲ್ಲ. ಬಟ್ಟೆ ಮುಟ್ಟಿದರೆ ಹತ್ತದ ರೋಗ ರೊಟ್ಟಿ ಮುಟ್ಟಿದರೆ ಹತ್ತುತ್ತದೆ ಎಂಬ ಲೆಕ್ಕ ಆ ಮನೆಯ ಮೂವರಿಗೂ ಸರಿಯಾಗಿಯೇ ಕಂಡಿತು.

ಮೂರನೆಯ ದಿನ ರಕ್ಷಿತಾ ಬಚ್ಚಲ ಬಾಗಿಲ ಹತ್ತಿರ ಹೋಗಿ, ಅಮ್ಮನ ತಟ್ಟೆಗೆ ಕೈಹಾಕಿ ಒಂದು ತುತ್ತು ಎತ್ತಿಕೊಂಡಿತು. ರುದ್ರಮ್ಮ ಓಡಿಬಂದು ಮುಂಗೈ ಮೇಲೆ ಛಟೀರನೆ ಹೊಡೆದಳು. ಅನ್ನ ನೆಲಕ್ಕೆ ಬಿತ್ತು.

“ಆ ತಾಟು ಹೊಲಸು. ಇನ್ನೊಮ್ಮೆ ಮುಟ್ಟಿದ್ರ ಕೈಗೆ ಬರೆ ಹಾಕ್ತೀನಿ.”

ಮಗು ಅಳಲಿಲ್ಲ. ಕೈಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ಅಮ್ಮನನ್ನು ನೋಡಿತು. ಯಮುನಾ ನೆಲಕ್ಕೆ ಬಿದ್ದ ಅನ್ನ ಬಳಿದು ತನ್ನ ತಟ್ಟೆಗೇ ಹಾಕಿಕೊಂಡಳು.

ಅದೇ ವಾರದ ಬುಧವಾರ ಈರೇಶ ಕುಂಟುತ್ತ ಬಂದ. ಊಟಕ್ಕೆ ಕೂತರೆ ಒಂದೇ ಕಡೆ ಭಾರ ಹಾಕಿ, ವಾಲಿಕೊಂಡು ಕೂತ.

“ಏನಾತೋ?”

“ಮೆಷಿನ್ ಎತ್ತೋವಾಗ ಸೊಂಟ ಉಳುಕಿತು ಕಣವ್ವ.”

ರುದ್ರಮ್ಮ ಬಡಿಸುವುದನ್ನು ಬಿಟ್ಟು ಎದ್ದಳು. ಮನೆಯೊಳಗೆ ಇಂಥ ಹೆಂಡತಿ, ಹೊರಗೆ ಇಂಥ ದುಡಿಮೆ. ಹಂಚಿನ ಮೇಲೆ ಕಲ್ಲುಪ್ಪು ಹುರಿದು, ಬಟ್ಟೆಯಲ್ಲಿ ಗಂಟು ಕಟ್ಟಿ, ಮಗನನ್ನು ಬೋರಲು ಮಲಗಿಸಿ ಶಾಖ ಕೊಟ್ಟಳು. ಮುಂದಿನ ಬುಧವಾರ ಇನ್ನೊಂದು ಕಡೆ ಉಳುಕಿತು. ಅದರ ಮುಂದಿನ ಬುಧವಾರವೂ ಉಳುಕಿತು. ಮೂರು ಬುಧವಾರವೂ ಉಪ್ಪಿನ ಗಂಟು ಬಿಸಿಯಾಯಿತು. ಗೆಣ್ಣು ಬಾತ ಬೆರಳುಗಳಲ್ಲಿ ಅದೇ ಮಗನ ಗ್ರೀಸ್ ಹತ್ತಿದ ಪ್ಯಾಂಟು ಹಿಂಡುತ್ತಿದ್ದ ಯಮುನಾಗೆ ಆ ಶಾಖದ ಒಂದು ಬಿಸುಪೂ ಸಿಗಲಿಲ್ಲ.

ಆಷಾಢಕ್ಕೆ ಇನ್ನೊಂದೇ ವಾರ ಇತ್ತು. ಯಮುನಾ ನೆಲಮಂಗಲದ ಅಣ್ಣನಿಗೆ ಬರೆದಿದ್ದ ಕಾಗದವನ್ನು ಗದಿಗೆಪ್ಪ ಅಂಚೆಗೆ ಹಾಕುತ್ತೇನೆಂದು ಇಸಿದುಕೊಂಡು ಹರಿದಿದ್ದ. ಭಾನುವಾರ ಬೆಳಿಗ್ಗೆ ಅವಳು ನೀರಿಗೆಂದು ನಲ್ಲಿಗೆ ಹೋದವಳು ಕೊಡದ ಮೇಲೆ ಬಿದ್ದಳು. ಮೂಗಿನಿಂದ ಹರಿದ ರಕ್ತ ನಿಲ್ಲಲೇ ಇಲ್ಲ. ಮರಿಯಮ್ಮ ತನ್ನ ಸೆರಗನ್ನೇ ಅವಳ ಮೂಗಿಗೆ ಒತ್ತಿ ಹಿಡಿದು ಆಟೊ ಕರೆಸಿದಳು.

“ಸೂಪರ್‌ವೈಸರ್ರು ಎಲ್ಲವ್ನೆ? ಚೀಟಿ ಪಾಟಿ ಏನೈತೋ ಎತ್ಕೊಂಡ್ ಬನ್ನಿ. ಅಂಗೆ ನಿಂತ್ಕೊಂಡು ನೋಡ್ತಾ ಇದ್ರೆ ಪ್ರಾಣ ವೋಗ್ತದೆ.”

“ಅದೊಂದು ಬ್ಯಾರೆ ರೋಗ ಮರಿಯಮ್ಮಾರ…”

“ಯಾವ್ ರೋಗನಾದ್ರೂ ಆಗ್ಲಿ ತಾಯಿ, ರಕ್ತ ಅಲ್ವಾ ಸುರೀತಿರೋದು?”

ರುದ್ರಮ್ಮ ಕ್ಯಾಲೆಂಡರಿನ ಹಿಂದಿನ ಕಾಗದವನ್ನು ಕಿತ್ತುಕೊಂಡು ಆಟೊ ಹತ್ತಿದಳು. ಈರೇಶ ಓವರ್‌ಟೈಮ್ ಎಂದು ಫ್ಯಾಕ್ಟರಿಗೆ ಹೋಗಿದ್ದ. ಗದಿಗೆಪ್ಪ ಪೂಜೆಗೆ ಕೂತಿದ್ದ, ಏಳಲಿಲ್ಲ.

ಊರೊಳಗಿನ ದೊಡ್ಡ ಆಸ್ಪತ್ರೆಯಲ್ಲಿ ಏಳು ದಿನ ಪರೀಕ್ಷೆಯ ಮೇಲೆ ಪರೀಕ್ಷೆ. ರಕ್ತದ ಕ್ಯಾನ್ಸರ್ ಇರಬಹುದು ಎಂದು ಮೊದಲ ದಿನ ಹೇಳಿದರು. ಸೊಂಟದ ಮೂಳೆಗೆ ದಪ್ಪ ಸೂಜಿ ಚುಚ್ಚಿ ಒಳಗಿನ ಮಜ್ಜೆ ತೆಗೆದಾಗ ಯಮುನಾ ಮಂಚದ ಸರಳು ಹಿಡಿದುಕೊಂಡು “ಅಮ್ಮಾ” ಎಂದಳು, ಅಷ್ಟೇ. ರುದ್ರಮ್ಮ ಪರದೆಯ ಈಚೆ ಮೂಗಿಗೆ ಸೆರಗು ಹಿಡಿದು ನಿಂತಿದ್ದಳು. ಅಯ್ಯೋ ಪಾಪ ಎನ್ನಿಸಿತು, ಇಲ್ಲವೆಂದಲ್ಲ. ಆದರೆ ಮಾಡಿದ್ದು ಉಣ್ಣುತ್ತಿದ್ದಾಳೆ ಎಂದೂ ಅನ್ನಿಸಿತು.

ಎಂಟನೆಯ ದಿನ ಡಾಕ್ಟರಮ್ಮ ಮನೆಯವರನ್ನು ಕರೆದರು. ರುದ್ರಮ್ಮ, ಈರೇಶ ಇಬ್ಬರೂ ಕೂತರು.

“ಕ್ಯಾನ್ಸರ್ ಅಲ್ಲ. ಮೂಳೆ ಒಳಗೆ ರಕ್ತ ತಯಾರಾಗ್ತಾ ಇದೆ, ಬೇಕಾದ್ದಕ್ಕಿಂತ ಜಾಸ್ತಿನೇ ಆಗ್ತಾ ಇದೆ. ಹೊರಗೆ ಬಂದ ಮೇಲೆ ಅವರ ದೇಹವೇ ಅದನ್ನ ಹೊಡೆದು ಹಾಕ್ತಿದೆ. ಹೊರಗಿನ ರೋಗಾಣು ಮೇಲೆ ಹೋಗಬೇಕಾದ ಕಾವಲು, ಮನೆಯವರ ಮೇಲೇ ತಿರುಗಿ ಬಿದ್ದ ಹಾಗೆ. ಲೂಪಸ್ ಅಂತಾರೆ. ಗಂಟು ನೋವು, ಕೆನ್ನೆ ಕೆಂಪು, ಗರ್ಭ ನಿಲ್ಲದೇ ಇದ್ದದ್ದು, ಎಲ್ಲಾ ಇದರದ್ದೇ ಇರಬೇಕು.” ಆಮೇಲೆ ನಾಲ್ಕು ಮಡಿಕೆಯ ಕಾಗದವನ್ನು ಮೇಜಿನ ಮೇಲೆ ಬಿಡಿಸಿದರು. “ಇದು ಬಂದು ಐದು ವಾರ ಆಗಿದೆ. ಹಿಮೋಗ್ಲೋಬಿನ್ ಏಳು ಅಂತ ಆಗಲೇ ಬರೆದಿದೆ. ಇದನ್ನ ಯಾರೂ ನೋಡಲಿಲ್ವಾ?”

“ನಾವು ಕೆಳಗಿನ ಸಾಲು ನೋಡಿದ್ವಿ ಡಾಕ್ಟರ್ ಬಾಯಾರ” ಎಂದಳು ರುದ್ರಮ್ಮ.

ಡಾಕ್ಟರಮ್ಮ ಕೆಳಗಿನ ಸಾಲು ನೋಡಿ ಈರೇಶನ ಕಡೆ ತಿರುಗಿದರು. “ನಿಮ್ಮ ರಕ್ತ ಪರೀಕ್ಷೆ ಆಗಿದ್ಯಾ?”

“ನಂದು ಬೇಡ ಮೇಡಂ. ನಾನು ಟ್ರೀಟ್‌ಮೆಂಟ್ ಮುಗಿಸಿದೀನಿ. ವಾರಕ್ಕೊಂದರ ಹಾಗೆ ಮೂರು ಇಂಜೆಕ್ಷನ್.”

“ನಿಮಗೆ ಇದೆ ಅಂತ ರಿಪೋರ್ಟ್ ಬಂದಿತ್ತಾ?”

“ಇಲ್ಲ. ಅವಳಿಗೆ ಇದೆ ಅಂತ ಬಂತಲ್ಲ, ಅದಕ್ಕೆ…”

“ಅವರಿಗೂ ಕೊಡಿಸಿದ್ರಾ ಆ ಇಂಜೆಕ್ಷನ್?”

ಈರೇಶ ಮೇಜಿನ ಮೇಲಿದ್ದ ಪೆನ್ನನ್ನು ನೋಡುತ್ತ, “ಇಲ್ಲ” ಎಂದ.

ಡಾಕ್ಟರಮ್ಮ ಕಾಗದವನ್ನು ಅವನ ಕಡೆ ತಿರುಗಿಸಿಟ್ಟರು. “ನಿಮ್ಮ ಹೆಂಡತಿಗೆ ಆ ರೋಗ ಇಲ್ವೇ ಇಲ್ಲ ಕಣ್ರೀ. ಲೂಪಸ್ ಇದ್ದವರ ರಕ್ತದಲ್ಲಿ ಈ ಪರೀಕ್ಷೆ ಎಷ್ಟೋ ಸಲ ಸುಳ್ಳು ಹೇಳುತ್ತೆ. ಇನ್ನೊಂದು ಖಚಿತವಾದ ಪರೀಕ್ಷೆ ಮಾಡಿಸಿದೀವಿ, ಅದರಲ್ಲಿ ಏನೂ ಇಲ್ಲ. ಈ ಸಾಲು ನೋಡಿದ್ದರಿಂದಲೇ ನನಗೆ ಲೂಪಸ್ ಅನುಮಾನ ಬಂದಿದ್ದು. ಆವತ್ತೇ ಡಾಕ್ಟರಿಗೆ ತೋರಿಸಿದ್ರೆ ಅವರು ಈ ಸ್ಥಿತಿಗೆ ಬರ್ತಿರಲಿಲ್ಲ.”

ರುದ್ರಮ್ಮನಿಗೆ ಲೂಪಸ್ಸು ಅರ್ಥವಾಗಲಿಲ್ಲ. ಬುಧವಾರ ಅರ್ಥವಾಯಿತು. ಮೂರು ಬುಧವಾರ, ಎಡಗಡೆ ಒಮ್ಮೆ, ಬಲಗಡೆ ಒಮ್ಮೆ. ತಾನು ಹುರಿದ ಉಪ್ಪು, ತಾನು ಊದಿ ಊದಿ ಇಟ್ಟ ಗಂಟು. ಬಾಯಲ್ಲಿ ಹುಳಿನೀರು ಬಂತು. ಎದ್ದು ಹೊರಗೆ ಹೋಗಿ ಕಾರಿಡಾರಿನ ತೊಟ್ಟಿಯಲ್ಲಿ ಉಗುಳಿದಳು.

ಈರೇಶ ಹಿಂದೆಯೇ ಬಂದ. “ಒಂದೇ ಸಲ ಕಣವ್ವ. ಬೊಂಬಾಯಿಗೆ ಮೆಷಿನ್ ನೋಡೋಕೆ ಕಳಿಸಿದ್ರಲ್ಲ, ಆಗ. ಜೊತೇಲಿದ್ದವರು ಎಳ್ಕೊಂಡು ಹೋದ್ರು.”

“ಫ್ಯಾಕ್ಟರಿಯಾಗ ಚೆಕ್ ಮಾಡ್ಯಾರ ಅಂದ್ಯಲ್ಲ?”

“ಅಪ್ಪನ ಮುಂದೆ ಇನ್ನೇನು ಹೇಳಲಿ?”

“ನಿನ್ನಿಂದ ಬಂದೈತಿ ಅಂತ ಗೊತ್ತಿದ್ದೂ ಅಕೀ ತಾಟು ಬ್ಯಾರೆ ಇಡು ಅಂದಿ.”

“ಗೊತ್ತಿರಲಿಲ್ಲ, ಹಂಗೆ ಅಂದ್ಕೊಂಡಿದ್ದೆ ಅಷ್ಟೆ. ಈಗ ನನಗೂ ಏನಿಲ್ಲ, ಅವಳಿಗೂ ಏನಿಲ್ಲ ಅಂತಾಯ್ತಲ್ಲ ಬಿಡು.” ಅವನ ಮುಖದಲ್ಲಿ ನಿಜವಾಗಿಯೂ ನೆಮ್ಮದಿ ಇತ್ತು. ಅದನ್ನು ಕಂಡು ರುದ್ರಮ್ಮನಿಗೆ ಇನ್ನೊಮ್ಮೆ ಉಗುಳಬೇಕೆನ್ನಿಸಿತು.

ಇನ್ನೂ ಹತ್ತು ದಿನ ಕಳೆದು ಯಮುನಾ ಮನೆಗೆ ಬಂದಳು. ಆಸ್ಪತ್ರೆಯಲ್ಲಿ ಕೊಟ್ಟ ಬಿಳಿ ಮಾತ್ರೆಗಳ ಕಾರಣಕ್ಕೆ ಮುಖ ಊದಿ ದುಂಡಗಾಗಿತ್ತು, ಬೆರಳು ಮಡಚುತ್ತಿದ್ದವು. ಮರಿಯಮ್ಮನೇ ಸುದ್ದಿ ಮುಟ್ಟಿಸಿದ್ದರಿಂದ ನೆಲಮಂಗಲದ ಅಣ್ಣ ಆಸ್ಪತ್ರೆಗೆ ಬಂದು ಕರೆದಿದ್ದ. ವಾರ ವಾರ ರಕ್ತ ತೋರಿಸಬೇಕು, ಇಲ್ಲಿಂದ ಹತ್ತಿರ, ಮಗಳ ಸ್ಕೂಲು ಇದೆ, ಮೈಯಲ್ಲಿ ಬಲ ಬರಲಿ, ಆಮೇಲೆ ನೋಡ್ತೀನಿ ಎಂದು ಅವಳೇ ಹೇಳಿ ಕಳಿಸಿದಳು. ಆಸ್ಪತ್ರೆಯಲ್ಲಿ ನಡೆದ ಮಾತೆಲ್ಲ ಅವಳಿಗೆ ಡಾಕ್ಟರಮ್ಮನಿಂದಲೇ ತಿಳಿದಿತ್ತು. ಗಂಡನನ್ನು ಏನೂ ಕೇಳಲಿಲ್ಲ. ಅವನ ಜೊತೆ ಮಾತೇ ಇಲ್ಲ.

ಭಾನುವಾರ ಮಧ್ಯಾಹ್ನ ರುದ್ರಮ್ಮ ಎಣ್ಣೆಗಾಯಿ ಮಾಡಿ ರೊಟ್ಟಿ ಬಡಿದಳು. ಅಟ್ಟ ಹತ್ತಿ, ಹೆಸರು ಹೊಡೆಸಿದ ಸ್ಟೀಲ್ ತಟ್ಟೆ ಇಳಿಸಿ, ಹುಣಸೆಹಣ್ಣು ಹಾಕಿ ಬೆಳಗಿಟ್ಟಳು. ಗದಿಗೆಪ್ಪನೂ ಮಗನೂ ಬಂದು ಕೂತರು.

“ಆದದ್ದು ಆತು” ಎಂದ ಗದಿಗೆಪ್ಪ. “ಗಂಡಸು, ಹೊರಗ ತಿರಗಾವ. ಒಂದು ತಪ್ಪು ಆಗಿರ್ತೈತಿ. ಅದನ್ನ ಎಳೀಬಾರದು.”

ರುದ್ರಮ್ಮ ಎದ್ದಳು. ಬಚ್ಚಲಿಗೆ ಹೋಗಿ ಗೂಟದಿಂದ ಅಲ್ಯೂಮಿನಿಯಂ ತಟ್ಟೆ ಬಿಚ್ಚಿ ತಂದು, ದಾರದ ಸಮೇತ, ಮಗನ ಮುಂದೆ ಇಟ್ಟು ಅದರ ಮೇಲೆ ಎರಡು ರೊಟ್ಟಿ ಹಾಕಿದಳು.

“ಏನಿದು?” ಎಂದ ಗದಿಗೆಪ್ಪ.

“ಮಗು ಐತಿ ಮನ್ಯಾಗ” ಎಂದಳು ರುದ್ರಮ್ಮ.

ಈರೇಶ ಕೆಂಪಗಾದ. ಏಳುತ್ತಾನೆ ಎಂದುಕೊಂಡಳು; ತಟ್ಟೆ ಎಸೆಯುತ್ತಾನೆ, ಇಲ್ಲವೇ ಅಳುತ್ತಾನೆ. ಅವನು ರೊಟ್ಟಿ ಮುರಿದು ಎಣ್ಣೆಗಾಯಿಗೆ ಅದ್ದಿ ತಿಂದ. ಎರಡು ರೊಟ್ಟಿ ಮುಗಿಸಿ ಇನ್ನೊಂದು ಕೇಳಿದ. ಇಂಥದ್ದನ್ನೂ ನುಂಗುವ ಗಂಟಲು ತನ್ನ ಹೊಟ್ಟೆಯಲ್ಲೇ ಹುಟ್ಟಿತಲ್ಲ ಎಂದು ಅವಳಿಗೆ ಮೈಯೆಲ್ಲ ಹೇಸಿಗೆಯಾಯಿತು.

ಗಂಡಸರು ಎದ್ದ ಮೇಲೆ ಯಮುನಾಳ ಸ್ಟೀಲ್ ತಟ್ಟೆಗೆ ರೊಟ್ಟಿ ಹಾಕಲು ಹೋದಳು. ಯಮುನಾ ತಟ್ಟೆಯನ್ನು ಹಿಂದಕ್ಕೆ ಎಳೆದುಕೊಂಡಳು.

“ನಾನೇ ಹಾಕ್ಕೊಳ್ತೀನಿ ಅತ್ತೆ.”

“ಅವನಿಗೆ ಹೆಂಗ ಮಾಡಿದೆ ನೋಡಿದ್ಯಲ್ಲವ್ವಾ. ಅದೇ ತಾಟಿನ್ಯಾಗ ಹಾಕಿದೆ.”

“ನೋಡಿದೆ. ಬೇರೆ ಇಡು ಅಂತ ಬಾಯಲ್ಲಿ ಹೇಳಿದ್ದು ಅವರು. ಮೊಳೆ ತಗೊಂಡು ತೂತು ಹೊಡೆದಿದ್ದು ನೀವು.”

ರುದ್ರಮ್ಮ ಕೈಯಲ್ಲಿದ್ದ ರೊಟ್ಟಿಯನ್ನು ಬುಟ್ಟಿಗೆ ವಾಪಸು ಇಟ್ಟಳು. ಯಮುನಾ ರೊಟ್ಟಿ ಹಾಕಿಕೊಂಡು, ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡು, ಒಂದು ತುತ್ತು ಮುರಿದು ತಟ್ಟೆಯ ಅಂಚಿಗೆ ಇಟ್ಟಳು. ರಕ್ಷಿತಾ ಕೈ ಚಾಚಿತು. ತುತ್ತಿನ ಹತ್ತಿರ ಹೋದ ಕೈ ಅಲ್ಲೇ ನಿಂತಿತು. ಮಗು ತಲೆಯೆತ್ತಿ ಅಜ್ಜಿಯನ್ನು ನೋಡಿ, ಕೈಯನ್ನು ಸರಕ್ಕನೆ ಬೆನ್ನ ಹಿಂದೆ ಬಚ್ಚಿಟ್ಟುಕೊಂಡಿತು.

“ತಿನ್ನವ್ವಾ” ಎಂದಳು ರುದ್ರಮ್ಮ. “ನಿಮ್ಮ ಅವ್ವನ ತಾಟು. ತಿನ್ನು.”

ಮಗು ಅವಳ ಮುಖ ನೋಡುತ್ತಿರಲಿಲ್ಲ. ಅವಳ ಬಲಗೈಯನ್ನೇ ನೋಡುತ್ತಿತ್ತು, ಅದು ಎದ್ದೀತೇನೋ ಎಂದು. ರುದ್ರಮ್ಮ ಆ ಕೈಯನ್ನು ಸೆರಗಿನೊಳಗೆ ಸೇರಿಸಿಕೊಂಡಳು. ಮೂಗಿಗೆ ಎಣ್ಣೆಗಾಯಿಯ ವಾಸನೆ ಬಡಿಯುತ್ತಿದ್ದರೂ, ಆ ಕೈಯಿಂದ ಉಣ್ಣಲು ಅಂದು ಅವಳಿಗೆ ಮನಸ್ಸಾಗಲಿಲ್ಲ.